ಜೀರಿಗೆ ಬಿಟ್ಟ ಮನೆಯ ಬಜ್ಜಿ

ಹೊಸದುರ್ಗಕ್ಕೆ ಹೋಗುವ ಬಸ್ಸಿನಲ್ಲಿ ಗುರುತಿಲ್ಲದ ಹೆಂಗಸರು ಕೂಡ "ಬಜ್ಜಿ ಅಕ್ಕ ಅಲ್ವೇನ್ರಿ ನೀವು, ಬರ್ರಿ, ಕುಂತ್ಕಳ್ರಿ" ಎಂದು ಸರಿದು ನನಗೆ ಜಾಗ ಕೊಡುತ್ತಾರೆ. ಮಾಡದಕೆರೆ ಕಡೆಯ ನಾಲ್ಕೂರಿನಲ್ಲಿ ನನ್ನ ಬಜ್ಜಿಗೂ ಜೋಳದ ರೊಟ್ಟಿಗೂ ಅಷ್ಟು ಹೆಸರಿದೆ. ಇಪ್ಪತ್ತು ವರ್ಷ ಆ ಜಾಗದಲ್ಲಿ ಕಾಲು ಚಾಚಿ ಕೂತು ಬಂದೆ. ಈಗ ಯಾರಾದರೂ ಹಾಗೆ ಸರಿದು ಕೂತರೆ ನನಗೆ ಮೈ ಮುದುಡುತ್ತದೆ, ಮುಂದಿನ ಊರಲ್ಲೇ ಇಳಿಯುತ್ತೇನೆ ಎಂದು ಸುಳ್ಳು ಹೇಳಿ ಕಂಬಿ ಹಿಡಿದು ನಿಲ್ಲುತ್ತೇನೆ.

ಮೊದಲು ನಮ್ಮ ಮನೆಯ ಕಟ್ಟು ಹೇಳಬೇಕು. ನಮ್ಮ ಜನರಲ್ಲಿ ಒಂದೊಂದು ಮನೆತನಕ್ಕೆ ಒಂದೊಂದು ಬೆಡಗು ಇರುತ್ತದೆ, ಆ ಬೆಡಗಿನ ಹೆಸರಿನ ಗಿಡವನ್ನೋ ಕಾಳನ್ನೋ ಆ ಮನೆಯವರು ಮುಟ್ಟುವುದಿಲ್ಲ. ನನ್ನ ತವರು ಹಿರಿಯೂರಿನ ಕಡೆ. ನಮ್ಮವರು ಬನ್ನಿ ಮರ ಕಡಿಯುವುದಿಲ್ಲ, ಅಷ್ಟೇ, ಊಟಕ್ಕೇನೂ ತೊಂದರೆಯಿಲ್ಲ. ನನ್ನ ಗಂಡನ ಮನೆಯವರು ಜೀರಿಗೆ ಬೆಡಗಿನವರು. ಮದುವೆಯಾದ ಹೆಣ್ಣು ಗಂಡನ ಬೆಡಗಿಗೆ ಸೇರುತ್ತಾಳಾದ್ದರಿಂದ ಅಕ್ಕಿಯ ಸೇರು ಒದ್ದು ಒಳಗೆ ಬಂದ ದಿನವೇ ನಾನು ಜೀರಿಗೆ ಬಿಡಬೇಕಾಯಿತು. ಹೊರಗೆ ಹೋಟೆಲಿನಲ್ಲಿ, ಬೇರೆಯವರ ಮದುವೆಯಲ್ಲಿ ತಿಂದದ್ದನ್ನು ಯಾರೂ ಕೇಳುವುದಿಲ್ಲ. ಮನೆಯ ಒಲೆಯ ಮೇಲೆ ಬೇಯಬಾರದು, ಮನೆಯ ದೇವರ ಗೂಡಿಗೆ ಹೋಗಬಾರದು. ಕಟ್ಟು ಇಷ್ಟೇ.

ನನಗೆ ಇದು ನುಂಗಲಾರದ ತುತ್ತಾಯಿತು. ನಮ್ಮವ್ವ ಬಜ್ಜಿಯ ಹಿಟ್ಟಿಗೆ ಹಸಿಮೆಣಸಿನಕಾಯಿಯ ಜೊತೆ ಜೀರಿಗೆ ಅರೆದು ಹಾಕುತ್ತಿದ್ದಳು, ನನಗೆ ಬರುತ್ತಿದ್ದದ್ದು ಅದೊಂದೇ ಬಜ್ಜಿ. ಗಂಡನ ಮನೆಯಲ್ಲಿ ಮೊದಲ ಸಲ ಜೀರಿಗೆ ಇಲ್ಲದೆ ಮಾಡಿ ಬಡಿಸಿದಾಗ ನಮ್ಮತ್ತೆ ಒಂದು ತುಂಡು ಅಗಿದು, "ಪರವಾಗಿಲ್ಲ ಬಿಡು, ಹಸ್ದೋರು ತಿಂತಾರೆ" ಎಂದರು. ನಾನು ಮೊದಲೇ ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡು ಹುಟ್ಟಿದವಳು. ಮುಂದಿನ ಸಲ ತವರಿಗೆ ಹೋದಾಗ ಜೀರಿಗೆ ಹುರಿದು ಪುಡಿ ಮಾಡಿ, ಖಾಲಿ ಪೌಡರ್ ಡಬ್ಬಿಯಲ್ಲಿ ತುಂಬಿ ತಂದೆ. ಡಬ್ಬಿ ನನ್ನ ಟ್ರಂಕಿನಲ್ಲಿ, ಮದುವೆ ಸೀರೆಯ ಕೆಳಗೆ ಸೇರಿತು.

ಆಮೇಲೆ ನೋಡಿ ನನ್ನ ಬಜ್ಜಿಗೆ ಬಂದ ಮರ್ಯಾದೆ. ಮನೆಯ ಗಂಡಸರು ಹುಟ್ಟಿನಿಂದ ಮನೆಯಲ್ಲಿ ಆ ರುಚಿ ಕಂಡವರಲ್ಲ, ಇದೇನೋ ಹೊಸ ಕೈರುಚಿ ಎಂದುಕೊಂಡರು. ನನ್ನ ಗಂಡ ಒಮ್ಮೆ "ಏನ್ ಹಾಕ್ತೀಯಲೇ ಇದಕ್ಕೆ" ಎಂದು ಕೇಳಿದಾಗ ಓಂಕಾಳು ಎಂದೆ. ಅತ್ತೆಗೆ ಗೊತ್ತಾಗಬೇಕಿತ್ತು, ಅವರೂ ತವರಿನಲ್ಲಿ ಜೀರಿಗೆ ತಿಂದೇ ಬೆಳೆದವರು. ಆದರೆ ನಲವತ್ತು ವರ್ಷ ನಶ್ಯ ಏರಿಸಿ ಅವರ ಮೂಗು ಸತ್ತಿತ್ತು. ಮೂಗು ಸತ್ತವರಿಗೆ ನಾಲಗೆಯೂ ಅರ್ಧ ಸತ್ತಂತೆಯೇ ಎಂದು ನಾನು ಒಳಗೊಳಗೇ ನಕ್ಕಿದ್ದೆ. ಥೂ ನನ್ನ.

ನಮ್ಮ ಮನೆಯಲ್ಲಿ ಬಜ್ಜಿಗೆ ಒಂದು ದೊಡ್ಡ ದಿನವಿದೆ. ವರ್ಷಕ್ಕೆ ಎರಡು ಸಲ ನಮ್ಮ ಕುರಿಗಳ ಉಣ್ಣೆ ಕತ್ತರಿಸುತ್ತಾರೆ. ಕತ್ತರಿ ಹಿಡಿದು ಏಳೆಂಟು ಜನ ಬೆಳಿಗ್ಗೆಯೇ ಕುರಿಹಟ್ಟಿಗೆ ಬರುತ್ತಾರೆ. ಮಧ್ಯಾಹ್ನದ ಊಟಕ್ಕೆ ಅವರಿಗೆ ಬಿಸಿ ಜೋಳದ ರೊಟ್ಟಿ, ಹೀರೇಕಾಯಿ, ಬದನೆಕಾಯಿ, ಈರುಳ್ಳಿ ಬಿಲ್ಲೆಯ ಬಜ್ಜಿ, ಹಸಿ ಮೆಂತ್ಯಸೊಪ್ಪು, ಸೌತೆಕಾಯಿ ಹೋಳು, ಕಡಲೆಕಾಯಿ ಬೀಜದ ಚಟ್ನಿ, ಗಟ್ಟಿ ಮೊಸರು. ರೊಟ್ಟಿಯ ಮೇಲೆ ಚಟ್ನಿ ಸವರಿ, ಬಿಸಿ ಬಜ್ಜಿಯನ್ನು ಹಿಸುಕಿ, ಮೇಲೆ ನಾಲ್ಕೆಸಳು ಮೆಂತ್ಯಸೊಪ್ಪು ಇಟ್ಟು ಮಡಚಿ ತಿನ್ನುವುದು ಇಲ್ಲಿಯ ರೂಢಿ. ಅವರು ಉಣ್ಣುವುದಕ್ಕೆ ಮೊದಲು ಬಾಣಲೆಯಿಂದ ಎತ್ತಿದ ಮೊದಲ ಬಜ್ಜಿಯನ್ನೂ ಆ ದಿನ ಕತ್ತರಿಸಿದ ಮೊದಲ ಎಳೆ ಉಣ್ಣೆಯನ್ನೂ ಅತ್ತೆ ತಮ್ಮ ಕೈಯಾರೆ ದೇವರ ಗೂಡಿನಲ್ಲಿ ಇಡುತ್ತಾರೆ.

ಮದುವೆಯಾಗಿ ನಾಲ್ಕು ವರ್ಷಕ್ಕೆ ಮೈದುನನ ಮದುವೆಯಾಯಿತು, ಹೊಳಲ್ಕೆರೆ ಕಡೆಯಿಂದ ವಾರಗಿತ್ತಿ ಬಂದಳು. ಇಪ್ಪತ್ತರ ಹುಡುಗಿ, ಮಾತು ಕಮ್ಮಿ. ಬಂದ ತಿಂಗಳಲ್ಲೇ ಒಂದು ಸಂಜೆ ಬದನೆಕಾಯಿ ಬಜ್ಜಿ ಮಾಡಿದಳು. ಸೌದೆ ಒಲೆಯ ಉರಿಯನ್ನು ಮುಂದೆ ಎಳೆದು ಹಿಂದೆ ತಳ್ಳಿ, ಎಣ್ಣೆಯ ಸದ್ದು ಕೇಳಿಯೇ ಬಜ್ಜಿ ತಿರುವುತ್ತಿದ್ದಳು. ಒಂದು ಜೀರಿಗೆ ಕಾಳೂ ಇಲ್ಲದ ಆ ಬಜ್ಜಿ ನನ್ನದಕ್ಕಿಂತ ಚೆನ್ನಾಗಿತ್ತು. ಅತ್ತೆ ಮೂರನೆಯದಕ್ಕೆ ಕೈ ಹಾಕಿ, "ಇವ್ಳ ಕೈಯಾಗೆ ಏನೋ ಐತೆ ಕಣೇ" ಎಂದು ನನಗೇ ಹೇಳಿದರು. ನಾನು ತಿನ್ನುತ್ತಿದ್ದ ಬಜ್ಜಿಯನ್ನು ಅರ್ಧಕ್ಕೇ ತಟ್ಟೆಗೆ ಹಾಕಿ ಎದ್ದೆ.

ಆ ವರ್ಷದ ಉಣ್ಣೆ ಕತ್ತರಿಸುವ ದಿನ ಬೆಳಿಗ್ಗೆಯಿಂದ ಕರೆಂಟು ಇರಲಿಲ್ಲ. ಟ್ರಂಕಿನ ಡಬ್ಬಿಯಲ್ಲಿ ಪುಡಿ ಮುಗಿದು ಇಡೀ ಜೀರಿಗೆ ಮಾತ್ರ ಉಳಿದಿತ್ತು, ಮಿಕ್ಸಿ ತಿರುಗುವಂತಿರಲಿಲ್ಲ. ಒಂದು ಸಲ ಹಾಕದಿದ್ದರೆ ಪ್ರಪಂಚವೇನೂ ಮುಳುಗುತ್ತಿರಲಿಲ್ಲ. ಆದರೆ ಅವಳ ಬದನೆಕಾಯಿ ಬಜ್ಜಿಯ ಮಾತು ಕಿವಿಯಲ್ಲೇ ಕೂತಿತ್ತು. ಯಾರೂ ಇಲ್ಲದ ಹೊತ್ತು ನೋಡಿ ಅಂಗೈಯಲ್ಲಿ ತಿಕ್ಕಿ ಹಿಟ್ಟಿಗೆ ಉದುರಿಸಿದೆ. ಆಮೇಲೆ ವಾರಗಿತ್ತಿಯನ್ನು ಕರೆದು, ಹಿಟ್ಟು ಚೆನ್ನಾಗಿ ಕಲಸು ಎಂದು ಹೇಳಿ, ನಾನು ರೊಟ್ಟಿ ಬಡಿಯಲು ಕೂತೆ.

ಅತ್ತೆ ಗೂಡಿಗೆ ಇಡುವ ತಟ್ಟೆ ಹಿಡಿದು ಬಂದರು. ಬಗ್ಗಿ ಹಿಟ್ಟಿನ ಪಾತ್ರೆ ನೋಡಿದರು. ಮೂಗು ಸತ್ತಿತ್ತೇ ಹೊರತು ಕಣ್ಣು ಗಿಡುಗನ ಕಣ್ಣಿನಂತಿತ್ತು. ಒಂದು ಕಾಳನ್ನು ಉಗುರಿನಲ್ಲಿ ಎತ್ತಿ ಬೆಳಕಿಗೆ ಹಿಡಿದು, "ಯಾರು ಹಾಕಿದ್ದಿದು?" ಎಂದರು. ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ಕೂತಿದ್ದವಳು ವಾರಗಿತ್ತಿ. ಅವಳು ಕಾಳನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

ಆ ಕ್ಷಣದಲ್ಲಿ ನಾನು ಸುಮ್ಮನಿದ್ದಿದ್ದರೂ ಪಾಪ ಅರ್ಧಕ್ಕೆ ನಿಲ್ಲುತ್ತಿತ್ತು. ನಾನು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆಯೇ ಹೇಳಿದೆ: "ಹೊಸಬಳು, ಗೊತ್ತಾಗಿಲ್ಲ. ಬಿಡ್ರಿ ಅತ್ತೆ, ಬೈಬ್ಯಾಡ್ರಿ."

ಎಷ್ಟು ಒಳ್ಳೆಯವಳಂತೆ ಹೇಳಿದೆ ಅಂದರೆ, ಆ ದಿನ ಸಂಜೆ ನನ್ನ ಗಂಡ ನನ್ನ ದೊಡ್ಡ ಮನಸ್ಸನ್ನು ಹೊಗಳಿದರು. ನಾನು ಹೊಗಳಿಸಿಕೊಂಡೆ. ಮಾಡಿದ್ದು ನಾನು, ಕ್ಷಮಿಸಿ ಎಂದು ಬೇಡಿಕೊಂಡಿದ್ದು ಅವಳ ಹೆಸರಲ್ಲಿ. ಇವತ್ತಿಗೂ ಆ ಮಾತು ನೆನಪಾದರೆ ಕೈಯಲ್ಲಿರುವ ಕೆಲಸ ಬಿಟ್ಟು ಎದ್ದು ಹೋಗಿಬಿಡುತ್ತೇನೆ, ಎಲ್ಲಿಗೆ ಅಂತ ನನಗೇ ಗೊತ್ತಿರುವುದಿಲ್ಲ.

ವಾರಗಿತ್ತಿ ಎದ್ದು ಹೋಗಿ ಕೈಯ ಹಿಟ್ಟು ತೊಳೆದುಕೊಂಡಳು. ಹಿಟ್ಟನ್ನು ತಿಪ್ಪೆಗೆ ಸುರಿದರು, ಒಲೆಗೆ ಸಗಣಿ ಸಾರಿಸಿದರು, ದೇವರಿಗೆ ಬೆಲ್ಲ ಇಟ್ಟರು. ಕತ್ತರಿಯವರು ರೊಟ್ಟಿ ಚಟ್ನಿ ಉಂಡು ಹೋದರು. ಒಂದು ತಿಂಗಳು ನೀನು ಒಲೆ ಮುಟ್ಟಬೇಡ ಎಂದು ಅತ್ತೆ ಅವಳಿಗೆ ಹೇಳಿದರು. ಅಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಆ ತಿಂಗಳೊಳಗೇ ಮಂದೆಗೆ ನಾಲಗೆ ನೀಲಿಯಾಗುವ ರೋಗ ಬಂದು ಮರಿಗಳು ಸತ್ತವು. ಸುತ್ತಲಿನ ಎಲ್ಲ ಮಂದೆಗಳಲ್ಲೂ ಸತ್ತಿದ್ದವು. ಅತ್ತೆ ಮಾತ್ರ ನಮ್ಮ ಮರಿಗಳನ್ನು ಆ ಜೀರಿಗೆ ಕಾಳಿನ ತಲೆಗೆ ಕಟ್ಟಿದರು. ತಿಂಗಳು ಹೋಗಿ ವರ್ಷವಾಯಿತು. ಆಮೇಲೆ ಯಾರೂ ಲೆಕ್ಕ ಇಡಲಿಲ್ಲ. ಅಡುಗೆ ನನ್ನದು, ಹೊರಗಿನ ಕೆಲಸ ಅವಳದು ಎಂದು ಆಗಿಹೋಯಿತು.

ನಾನು ಬಾಯಿ ಬಿಟ್ಟು ಒಂದು ಮಾತು ಹೇಳಿದ್ದರೆ ಸಾಕಿತ್ತು. ನಿಜ ಹೇಳಬೇಕಾಗಿಯೂ ಇರಲಿಲ್ಲ, ಅಡುಗೆ ನನ್ನೊಬ್ಬಳಿಂದ ಆಗುವುದಿಲ್ಲ ಎಂದಿದ್ದರೂ ಅತ್ತೆ ಕರಗುತ್ತಿದ್ದರು. ಹೇಳಲಿಲ್ಲ. ಯಾಕೆಂದರೆ ನನಗೆ ಅದು ಹಿಡಿಸಿತ್ತು. ಇಡೀ ಅಡುಗೆಮನೆ ನನ್ನದು, ಬಂದವರೆಲ್ಲ ಹೊಗಳುವುದು ನನ್ನನ್ನು. ಜೀರಿಗೆಯನ್ನಾದರೂ ಬಿಟ್ಟೆನೇ? ಮುಂದಿನ ಸಲ ಹೆದರಿ ಬಿಟ್ಟಿದ್ದೆ. ಕತ್ತರಿಯವರಲ್ಲಿ ಹಿರಿಯ "ಯಾಕವ್ವ, ಈ ಸಲ ಬಜ್ಜಿ ಸಪ್ಪಗೆ ಅವೆ" ಎಂದ. ರುಚಿ ಬದಲಾದರೆ ಅತ್ತೆಗೆ ಅನುಮಾನ ಬಂದೀತೆಂದು ನನಗೆ ನಾನೇ ಸಬೂಬು ಹೇಳಿಕೊಂಡು, ಅದರ ಮುಂದಿನ ಸಲದಿಂದ ಮತ್ತೆ ಹಾಕಲು ಶುರು ಮಾಡಿದೆ. ನುಣ್ಣಗೆ ಅರೆದು.

ಅವಳು ತರಕಾರಿ ಹೆಚ್ಚಿಕೊಡುತ್ತಿದ್ದಳು, ಪಾತ್ರೆ ತೊಳೆಯುತ್ತಿದ್ದಳು, ಕೊಟ್ಟಿಗೆಯ ಹಿಂದಿನ ಮೂರು ಕಲ್ಲಿನ ಒಲೆಯಲ್ಲಿ ಸ್ನಾನಕ್ಕೆ ನೀರು ಕಾಯಿಸಿ, ಕುರಿಗಳಿಗೆ ಹುರುಳಿ ಬೇಯಿಸುತ್ತಿದ್ದಳು. ಅವಳು ಹೆಚ್ಚಿದ ಹೀರೇಕಾಯಿ ಬಿಲ್ಲೆ ಒಂದರಷ್ಟೇ ದಪ್ಪ ಇನ್ನೊಂದು. ಅವಳ ಇಬ್ಬರು ಮಕ್ಕಳು ಹಸಿವಾದರೆ ನನ್ನ ಹತ್ತಿರ ಬರುತ್ತಿದ್ದರು, ಅವ್ವನ ಹತ್ತಿರ ಅಲ್ಲ. ಒಂದು ದಿನ ಅವಳ ಚಿಕ್ಕವನು ಶಾಲೆಯಿಂದ ಬಂದು, "ದೊಡ್ಡವ್ವ, ನಮ್ಮವ್ವಂಗೆ ಅಡಿಗೆ ಬರಲ್ವಾ?" ಎಂದು ಕೇಳಿದ. ಅವಳು ಬಾಗಿಲಾಚೆ ಸೌತೆಕಾಯಿ ತೊಳೆಯುತ್ತಿದ್ದಳು. ಬರಲ್ಲ ಕಣಪ್ಪ ಎಂದು ನಾನು ನಕ್ಕೆ.

ಉಣ್ಣೆಯ ದಿನ ಎಲ್ಲರೂ ಬಜ್ಜಿಗೆ ಮುಗಿಬಿದ್ದರೆ ಅವಳು ರೊಟ್ಟಿ, ಚಟ್ನಿ, ಸೊಪ್ಪು ಹಾಕಿಸಿಕೊಂಡು ಪಕ್ಕಕ್ಕೆ ಹೋಗುತ್ತಿದ್ದಳು. ಎಣ್ಣೆ ಪದಾರ್ಥ ಆಗುವುದಿಲ್ಲ ಎನ್ನುತ್ತಿದ್ದಳು. "ನಮ್ ವಾರಗಿತ್ತಿಗೆ ನಾಲಿಗೇನೇ ಇಲ್ಲ" ಎಂದು ನಾನು ಬಂದವರ ಮುಂದೆ ತಮಾಷೆ ಮಾಡುತ್ತಿದ್ದೆ, ಅವರು ನಗುತ್ತಿದ್ದರು.

ಹೀಗೆ ಇಪ್ಪತ್ತು ವರ್ಷ ಕಳೆಯಿತು. ಈ ವರ್ಷ ಉಣ್ಣೆಯ ದಿನಕ್ಕೆ ಇನ್ನೂ ಎಂಟು ದಿನ ಇದೆ ಎನ್ನುವಾಗ ನಾನು ಹೊಸದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಕಾಲು ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡೆ. ಚಿತ್ರದುರ್ಗಕ್ಕೆ ಕರೆದುಕೊಂಡು ಹೋಗಿ ಪಟ್ಟಿ ಹಾಕಿಸಿದರು. ಬಜ್ಜಿಗೆ ಯಾರು ಎಂಬ ಮಾತು ಬಂತು. ಅತ್ತೆಗೆ ಎಂಬತ್ತು ದಾಟಿದ್ದರೂ ಮಾತು ಗಟ್ಟಿ. ಹೊಳಲ್ಕೆರೆಯಿಂದ ಒಬ್ಬ ಅಡುಗೆಯ ಹೆಂಗಸನ್ನು ಹೇಳಿ ಕರೆಸುವುದೆಂದು ಅವರೇ ತೀರ್ಮಾನಿಸಿದರು. ಆ ದಿನ ಬೆಳಿಗ್ಗೆ ಕತ್ತರಿಯವರು ಹಟ್ಟಿಯಲ್ಲಿ ಕುರಿ ಕೆಡವಿ ಕೂತಾಗಿತ್ತು. ಆಗ ಅಡುಗೆಯವಳು ಫೋನು ಮಾಡಿ, ಅವರ ಮನೆಯಲ್ಲಿ ಯಾರಿಗೋ ಹುಷಾರಿಲ್ಲ, ಬರಲಾಗುವುದಿಲ್ಲ ಎಂದಳು.

ನನ್ನ ಗಂಡ ಮೆಲ್ಲಗೆ, "ಮನೆಯಾಗೆ ಇನ್ನೊಬ್ಳು ಇದಾಳಲ್ಲವ್ವ" ಎಂದರು. ಜಗಲಿಯ ಮೇಲೆ ಮೆಂತ್ಯಸೊಪ್ಪು ಸೋಸುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ. "ಬ್ಯಾಡ. ದೇವ್ರಿಗೆ ಬೆಲ್ಲ ಇಡಾಣ, ಕತ್ತರಿಯೋರಿಗೆ ಹೋಟ್ಲಿಂದ ತರಸ್ರಿ. ಅವ್ಳ ಕೈಲಿ ಮಾತ್ರ ಬ್ಯಾಡ."

ವಾರಗಿತ್ತಿ ಐದಡಿ ದೂರದಲ್ಲಿ ಈಳಿಗೆಮಣೆಯ ಮೇಲೆ ಕೂತು ಹೀರೇಕಾಯಿ ಹೆಚ್ಚುತ್ತಿದ್ದಳು. ಅವಳ ತಲೆಯಲ್ಲಿ ಅರ್ಧ ಕೂದಲು ಬೆಳ್ಳಗಾಗಿದೆ. ಅವಳ ಮಗಳಿಗೆ ಗಂಡು ನೋಡುತ್ತಿದ್ದೇವೆ. ಆ ಮಾತು ಕೇಳಿಯೂ ಅವಳ ಕೈ ನಿಲ್ಲಲಿಲ್ಲ, ಬಿಲ್ಲೆಗಳು ಮೊದಲಿನ ಹಾಗೆಯೇ ಒಂದೇ ದಪ್ಪದಲ್ಲಿ ಬೀಳುತ್ತಿದ್ದವು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಅತ್ತೆಗೆ ವಯಸ್ಸಾಗಿದೆ, ಇವತ್ತು ಹೇಳದಿದ್ದರೆ ಈ ಮಾತು ತೆಗೆದುಕೊಳ್ಳುವವರೇ ಇರುವುದಿಲ್ಲ, ಇವಳು ಸಾಯುವವರೆಗೂ ಕೆಟ್ಟವಳಾಗಿಯೇ ಉಳಿಯುತ್ತಾಳೆ ಎಂಬುದು ಅವತ್ತೇ ನನ್ನ ಮಂದ ತಲೆಗೆ ಹೊಕ್ಕಿದ್ದು.

ಅವಳನ್ನು ಅಡುಗೆಮನೆಯ ಹಿಂದಿನ ಬಾಗಿಲಿಗೆ ಕರೆದೆ. "ಅವತ್ತು ಜೀರಿಗೆ ಹಾಕಿದ್ದು ನಾನು" ಎಂದೆ. ಇಪ್ಪತ್ತು ವರ್ಷ ಗಂಟಲಲ್ಲಿ ಇಟ್ಟುಕೊಂಡದ್ದು ನಾಲ್ಕು ಮಾತಿಗೆ ಮುಗಿದುಹೋಯಿತು. ಅವಳು ಅಳುತ್ತಾಳೆ, ಇಲ್ಲವೇ ನನ್ನ ಮುಖಕ್ಕೆ ಉಗಿಯುತ್ತಾಳೆ ಎಂದುಕೊಂಡಿದ್ದೆ. ಉಗಿದಿದ್ದರೆ ಒಳ್ಳೆಯದಿತ್ತು.

"ಗೊತ್ತೈತಕ್ಕ" ಎಂದಳು. ಸೀರೆಯ ಸೆರಗಿನಲ್ಲಿ ಕೈ ಒರೆಸಿಕೊಂಡಳು. "ಈಗ್ಲೂ ಹಾಕ್ತೀರಿ. ಮಿಕ್ಸಿ ಜಾರು ತೊಳಿಯಾಳು ನಾನಲ್ವಾ. ಪ್ರತಿ ಸಲಾನೂ ಘಂ ಅಂತತೆ. ಅತ್ತೆ ಮೂಗು ಸತ್ರೂ ಬಂದೋರಿಗೆ ಮೂಗು ಇರ್ತತಲ್ಲ ಅಂತ ಬೂದಿ ಹಾಕಿ ಎರಡು ಸಲ ತೊಳಿತೀನಿ."

ಯಾಕೆ ಯಾರಿಗೂ ಹೇಳಲಿಲ್ಲ ಎಂದು ಕೇಳಿದೆ. ಕೇಳುವುದಕ್ಕೂ ನನಗೆ ಯೋಗ್ಯತೆ ಇರಲಿಲ್ಲ.

"ಮೊದ್ಲು ಹೇಳಿದ್ರೆ ಯಾರು ನಂಬ್ತಿದ್ರು, ಹೊಸಬಳ ಮಾತು. ಆಮೇಲೆ ನಿಮ್ ಹುಡ್ರು, ನನ್ ಹುಡ್ರು ಎಲ್ಲಾ ಸಣ್ಣವು. ಇಬ್ರುನೂ ಒಲೆ ಬಿಡಿಸಿದ್ರೆ ಅವುಕ್ಕೆ ಅನ್ನ ಬೇಯ್ಸಿ ಹಾಕೋರು ಯಾರು ಅಂದ್ಕಂಡೆ." ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ಬಜ್ಜಿ ಮಾತ್ರ ತಿನ್ನಕ್ಕಾಗ್ಲಿಲ್ಲಕ್ಕ. ಈ ಮನೆಗೆ ಬಂದ ಮ್ಯಾಲೆ ಜೀರಿಗೆ ಬಿಟ್ಟಿದ್ದೀನಿ ಅಂತ ದೇವ್ರ ಮುಂದೆ ಅಂದಿದ್ದೆ" ಎಂದಳು.

ನಾಲಿಗೆಯೇ ಇಲ್ಲ ಎಂದು ನಾನು ನಗಾಡಿದ್ದು ಇದಕ್ಕೆ. ಈ ಮನೆಯಲ್ಲಿ ಇಪ್ಪತ್ತು ವರ್ಷ ಜೀರಿಗೆಯ ಕಟ್ಟನ್ನು ಉಳಿಸಿಕೊಂಡವಳು ಅವಳೊಬ್ಬಳೇ. ಮುರಿದವಳು ಎಂದು ಹೊರಗೆ ಕೂತವಳೂ ಅವಳೇ. ನನಗೆ ನನ್ನ ಮೇಲೆ ಎಂಥ ಅಸಹ್ಯ ಹುಟ್ಟಿತೆಂದರೆ, ಮುರಿದ ಕೈಯನ್ನು ಗೋಡೆಗೆ ಬಡಿಯೋಣ ಎನ್ನಿಸಿತು.

ನೆಟ್ಟಗೆ ಜಗಲಿಗೆ ಹೋಗಿ ಅತ್ತೆಯ ಮುಂದೆ ಕೂತೆ. ಗಂಡ, ಮೈದುನ ಅಲ್ಲೇ ಇದ್ದರು, ಅವರ ಮುಂದೆಯೇ ಎಲ್ಲ ಹೇಳಿದೆ. ಪೌಡರ್ ಡಬ್ಬಿ, ಅಂಗೈಯಲ್ಲಿ ತಿಕ್ಕಿದ್ದು, ಬೈಬ್ಯಾಡ್ರಿ ಎಂದದ್ದು, ಆಮೇಲೆಯೂ ಹಾಕಿದ್ದು. ಮೈದುನ ಎದ್ದು ಹಟ್ಟಿಯ ಕಡೆ ಹೋಗಿಬಿಟ್ಟರು. ಗಂಡ ನೆಲ ನೋಡುತ್ತಾ ನಿಂತರು. ಅತ್ತೆ ಬಹಳ ಹೊತ್ತು ಸೊಪ್ಪಿನ ಕಂತೆಯನ್ನೇ ತಿರುಗಿಸುತ್ತಿದ್ದರು.

"ಮೊದಲ್ನೇ ಬಜ್ಜಿ ನಾನೇ ಅಲ್ವೇನೇ ಗೂಡಿಗೆ ಇಡ್ತಿದ್ದಿದ್ದು" ಎಂದರು ಕೊನೆಗೆ. "ವರ್ಷಕ್ಕೆ ಎರಡು ಸಲ. ನನ್ ಕೈಯಾರೆ."

ನಾನು ಹೌದು ಎಂದೆ. ಅವರಿಗೂ ನಾನು ಎಂಥದ್ದು ಮಾಡಿದ್ದೇನೆ ಎಂಬುದು ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ. ಅತ್ತೆ ನನ್ನನ್ನು ಬೈಯಲಿಲ್ಲ, ಒಲೆ ಮುಟ್ಟಬೇಡ ಎಂದೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ನನ್ನ ಕೈಗೆ ಆಗಲೇ ಪಟ್ಟಿ ಬಿದ್ದಿತ್ತು. ನಶ್ಯದ ಡಬ್ಬಿಯನ್ನು ಹುಡುಕಿ, ಸಿಕ್ಕ ಮೇಲೆ ತೆಗೆಯದೆ ಹಾಗೆಯೇ ಮಡಿಲಲ್ಲಿ ಇಟ್ಟುಕೊಂಡರು. "ಅವ್ಳನ್ನ ಕರಿ" ಎಂದರು.

ವಾರಗಿತ್ತಿ ಬಂದು ನಿಂತಳು. ಅತ್ತೆ ಅವಳ ಮುಖ ನೋಡಲಾರದೆ ಅವಳ ಕೈ ನೋಡುತ್ತಾ, "ಹೋಗವ್ವ, ಬಜ್ಜಿ ಹಾಕು. ಕತ್ತರಿಯೋರು ಹಸ್ದವ್ರೆ" ಎಂದರು.

ಅವಳು ಕೈಕಾಲು ತೊಳೆದು, ಹೊಸ್ತಿಲು ಮುಟ್ಟಿ ನಮಸ್ಕಾರ ಮಾಡಿ ಅಡುಗೆಮನೆಗೆ ಬಂದಳು. ಹೊಸ ಪಾತ್ರೆ ತೆಗೆದು ಕಡಲೆಹಿಟ್ಟು, ಒಂದು ಹಿಡಿ ಅಕ್ಕಿಹಿಟ್ಟು, ಉಪ್ಪು, ಖಾರ, ಓಂಕಾಳು ಹಾಕಿ ಕಲಸಿದಳು. ಬೆರಳು ಎತ್ತಿ ಹಿಟ್ಟು ಜಾರುವುದನ್ನು ನೋಡಿ ಇನ್ನೊಂದು ಗುಟುಕು ನೀರು ಬೆರೆಸಿದಳು. ಕೈ ಏನನ್ನೂ ಮರೆತಿರಲಿಲ್ಲ. ನಾನು ಬಾಗಿಲಲ್ಲಿ ನಿಂತಿದ್ದೆ, ಸ್ವಲ್ಪ ಹಗುರವೂ ಆಗುತ್ತಿದ್ದೆ. ಆದದ್ದು ಆಯಿತು, ಕೊನೆಗೂ ಅವಳದು ಅವಳಿಗೆ ಸಿಕ್ಕಿತು ಎಂದು ನನಗೆ ನಾನೇ ಹೇಳಿಕೊಳ್ಳುವಷ್ಟು ನಾಚಿಕೆಗೆಟ್ಟವಳು ನಾನು.

ಬಾಣಲೆ ಇಟ್ಟು, ಎಣ್ಣೆ ಸುರಿದು, ಅವಳು ಗ್ಯಾಸ್ ಒಲೆಯ ಮುಂದೆ ನಿಂತಳು. ನಿಂತೇ ಇದ್ದಳು. ಅವಳು ಬಿಟ್ಟಾಗ ಆ ಜಾಗದಲ್ಲಿ ಸೌದೆ ಒಲೆ ಇತ್ತು. ಗ್ಯಾಸ್ ಬಂದದ್ದು ಅದಾದ ಮೂರು ವರ್ಷಕ್ಕೆ. ಲೈಟರನ್ನು ಎತ್ತಿ, ಅದರ ಎರಡೂ ತುದಿ ನೋಡಿ, ಮತ್ತೆ ಕೆಳಗಿಟ್ಟಳು. ಆಮೇಲೆ ಒಲೆಯ ತಿರುಗಣಿಯ ಮೇಲೆ ಒಂದು ಬೆರಳಿಟ್ಟು, ಹಟ್ಟಿಯಲ್ಲಿರುವ ಗಂಡಸರಿಗೆ ಕೇಳಿಸದಷ್ಟು ಮೆಲ್ಲಗೆ ಕೇಳಿದಳು:

"ಇದನ್ನ ಯಾವ ಕಡೆ ತಿರುಗಿಸಾದಕ್ಕ?"

ನಾನು ಎಡಗೈ ಮುಂದೆ ಚಾಚಿ, ಅವಳ ಬೆರಳ ಮೇಲೆ ನನ್ನ ಬೆರಳಿಟ್ಟು ಒಳಕ್ಕೆ ಒತ್ತಿ ತಿರುಗಿಸಿದೆ.